ಎರಡು ಗ್ರೇನಿಗೆ ಚೂರು ಕಡಿಮೆ

ನಿಜ್ವಾ ಕೋಟೆಯ ಹಿಂದಿನ ಓಣಿಯಲ್ಲಿ
ನನ್ನದು ತಕ್ಕಡಿ ಅಂಗಡಿ.
ಬೆಳ್ಳಿ ತೂಗುವವರು ಬರುತ್ತಾರೆ, ಲೋಬಾನ ತೂಗುವವರು,
ಒಮ್ಮೊಮ್ಮೆ ಜೇನಿನವರು.
ಮೊನ್ನೆ ಬಂದವ ಹಿಲಾಲ್, ಖಲ್ಫಾನ್ ಮುದುಕನ ಮೊಮ್ಮಗ,
ಪರವಾನಗಿ ಕಾಗದ ನಾಲ್ಕಾಗಿ ಮಡಚಿ ಜೇಬಲ್ಲಿಟ್ಟು.
'ರಾಯ್ಕರ್, ಮನೆಯಲ್ಲೇ ತೋಟಾ ತುಂಬುವುದು ಕಲಿಯಬೇಕು.
ಅಜ್ಜನ ಕೋವಿಗೆ ಹೊಂದುವುದು ಈಗ ಪೇಟೆಯಲ್ಲಿ ಸಿಗುವುದಿಲ್ಲ.'

ಫೋನಿನಲ್ಲಿ ಚಿತ್ರ ತೋರಿಸಿದ:
ಹಿಡಿಕೆ ಒಮ್ಮೆ ಎಳೆದರೆ ಐದು ಕೆಲಸ ಮುಗಿಸುವ ಪ್ರೆಸ್ಸು,
ನೀಲಿ ಬಣ್ಣದ್ದು,
ಶುಕ್ರವಾರದ ಸಂತೆಯಲ್ಲಿ ನಾಲ್ಕು ಆಡಿನ ಬೆಲೆ.
'ಬೇಡ,' ಅಂದೆ.
ಕೋವಿಯ ಗಂಧಗಾಳಿ ನನಗಿಲ್ಲ. ಆದರೆ ಅಚ್ಚು ಗೊತ್ತು.
ಕಂಬಚ್ಚಿನಲ್ಲಿ ತಂತಿ ಎಳೆದೆಳೆದು ತೋಳು ಬಂದವ ನಾನು,
ಕುಮಟೆಯ ಅಕ್ಕಸಾಲಿಗ.
'ಒಂದು ಸಲಕ್ಕೆ ಒಂದೇ ಕೆಲಸ ಮಾಡುವುದನ್ನು ತಗೋ.
ಕೈಗೆ ಮೊದಲು ಬೇಸರ ಕಲಿಸಬೇಕು.
ಉಳಿದ ದುಡ್ಡು ತಕ್ಕಡಿಗೆ.'
ನನ್ನ ವ್ಯಾಪಾರ ಕಂಡು ಅವನು ನಕ್ಕ.
ನಗಲಿ.

ಎಸಿ ಆರಿಸಿದೆ. ಫ್ಯಾನೂ.
ಇಬ್ಬರಿಗೂ ಬೆವರಿಳಿಯಿತು.
ಡಿಜಿಟಲ್ ತಕ್ಕಡಿ ಆಗಲೂ ಕೊನೆಯ ಅಂಕಿಯಲ್ಲಿ
ತಡವರಿಸುತ್ತಿತ್ತು, ಸುಳ್ಳು ಸಾಕ್ಷಿಯ ಹಾಗೆ.
ಕಪಾಟಿನಿಂದ ಹಳೆಯದನ್ನು ಇಳಿಸಿದೆ.

'ನಿಮ್ಮ ತೂಕ ಯಾವುದು?'
'ಗ್ರೇನ್.'
'ಅಂದರೆ?'
'ಕಾಳು. ಗೋಧಿಯೋ, ಜವೆಯೋ.'
ಹಾಗಾದರೆ ನೆಂಟರೇ ಆದೆವು.
ಡಬ್ಬಿಯಲ್ಲಿ ನನ್ನ ಅಜ್ಜನ ಗುಲಗಂಜಿ, ಏಳು.
ಒಂದನ್ನು ಈ ತಟ್ಟೆಗೆ,
ಮುಚ್ಚಿಹೋದ ಔಷಧಿ ಅಂಗಡಿಯಿಂದ ಕೊಂಡ
ಎರಡು ಗ್ರೇನಿನ ಬಟ್ಟು ಆ ತಟ್ಟೆಗೆ.
ಕಪ್ಪು ಕಣ್ಣು ಬಿಟ್ಟುಕೊಂಡು
ಕೆಂಪು ಕಾಳು ಚೂರೇ ಚೂರು ಮೇಲೆದ್ದಿತು.

ಬಂಗಾರದಲ್ಲಿ ಇಷ್ಟು ತಪ್ಪಿದರೆ
ಅತ್ತೆಸೊಸೆಯರ ಒಂದು ದೀಪಾವಳಿ ಕೆಡುತ್ತದೆ ಮಾರಾಯ.
ನಿನ್ನ ಕೆಲಸದಲ್ಲಿ ತಪ್ಪಿದರೆ
ಕೋವಿಗೆ ಒತ್ತಿದ ಕೆನ್ನೆ. ಕಣ್ಣು.
ನಮ್ಮಲ್ಲಿ ಅದಕ್ಕೆ ತುಂಬುವುದೂ ಮದ್ದು,
ಜ್ವರಕ್ಕೆ ಕುಡಿಯುವುದೂ ಮದ್ದು.
ಹೆಸರಿಟ್ಟವರು ಅಳತೆಯನ್ನಷ್ಟೇ ನೋಡಿರಬೇಕು.

ಅವನು ಹಳೆಯ ತಕ್ಕಡಿಯನ್ನೇ ಕೇಳಿದ,
ಜೊತೆಗೊಂದು ಕ್ಯಾಲಿಪರ್.
ಚೌಕಾಸಿ ಮಾಡಲಿಲ್ಲ. ಈ ಊರಲ್ಲಿ ಅದು ಅಪಶಕುನ,
ನಾನೇ ಎರಡು ರಿಯಾಲ್ ಇಳಿಸಿದೆ.
ಬಾಗಿಲಲ್ಲಿ ತಿರುಗಿ,
'ಆ ಕಾಳು ಒಂದು ಕೊಡು.'
'ವಿಷ ಅದು. ಮಕ್ಕಳ ಬಾಯಿಗೆ ಹೋಗಬಾರದು.'
'ಮದ್ದಿನ ಕಪಾಟಿನಲ್ಲೇ ಇಡುತ್ತೇನೆ. ಬೀಗ ಹಾಕಿ.'
ಮದ್ದು ಎಂಬ ಮಾತನ್ನು
ಆಗಲೇ ಕನ್ನಡದಲ್ಲೇ ಅಂದಿದ್ದ.

ಕೊಟ್ಟೆ. ಎಸಿ ಹಾಕಿದೆ.
ಡಬ್ಬಿಯಲ್ಲಿ ಆರು.
ಇನ್ನು ಏಳು ಗುಂಜಿ ತೂಗಬೇಕಾದರೆ
ಖಲ್ಫಾನನ ಮನೆಗೆ ಹೇಳಿಕಳಿಸಬೇಕು.