ವಾಯಲಿನ್, ಸೆಲ್ಲೋ, ಮೂರನೇ ಗೇಟು

ಹುದಲಿ ಮಾಸ್ತರು ಹೋದ ಆರು ತಿಂಗಳಿಗೆ
ಅವರ ಮಗಳು ಕಳಿಸಿದ ರಜಿಸ್ಟರ್ ಟಪಾಲು:
ಹದಿನಾಲ್ಕು ಹಾಳೆ, ಪೆನ್ಸಿಲ್ಲಿನ ಬರಹ,
ನೆತ್ತಿಯಲ್ಲೊಂದು ಸಾಲು, 'ಇಬ್ಬರಿಗೆ ಮಾತ್ರ.'

ಇಬ್ಬರಿಗೆ ಮಾತ್ರ!
ಮದರಾಸಿನಲ್ಲಿ ನಾವು ಇಪ್ಪತ್ತನಾಲ್ಕು ವಾಯಲಿನ್ನು,
ನಾನು ಹತ್ತೊಂಬತ್ತನೆಯವಳು,
ಕಂಬದ ಮರೆಯ ಕುರ್ಚಿ.
ಎದುರು ಪರದೆಯ ಮೇಲೆ ಯಾರದೋ ತಾಯಿ ಸಾಯುವಳು,
ಮಾಸ್ತರ ಎಡಗೈಯಲ್ಲಿ ಸ್ಟಾಪ್‌ವಾಚು:
ಸಾವಿಗೆ ನಲವತ್ತೆರಡು ಸೆಕೆಂಡು,
ಮದುವೆಗೆ ಹದಿನೇಳು,
ಹೀರೋ ಜೀಪಿನಿಂದ ಜಿಗಿಯಲಿಕ್ಕೆ ಬರೀ ಆರು.
ಗಾಜಿನ ಆಚೆಯಿಂದ ಮೈಕು: 'ಇನ್ನಷ್ಟು ಅಳಿಸಿ.'
ಅಳಿಸುತ್ತಿದ್ದೆವು.
ದಿನಕ್ಕೆ ಮೂವರು ತಾಯಂದಿರು, ಊಟಕ್ಕೆ ಮೊದಲೇ ಇಬ್ಬರು.

ನನ್ನವ್ವ ಹೋದದ್ದು ಬೆಳಗಾವಿಯ ಸಿವಿಲ್ ದವಾಖಾನೆಯಲ್ಲಿ.
ಹಿನ್ನೆಲೆಗೆ, ಪಕ್ಕದ ಮಂಚದವರ ಚಮಚ ಗ್ಲಾಸಿಗೆ ತಾಗಿದ ಸಪ್ಪಳ.
ಅಷ್ಟೇ.

ನನಗೆ ಗೊತ್ತಿದ್ದ ಸೆಲ್ಲೋ ಊರಿಗೊಂದೇ: ಕಾಸ್ಮೊ ಲೋಬೊ,
ಖಾನಾಪುರದ ಕಡೆಯವನು, ಪಲ್ಟನ್ನಿನ ಬ್ಯಾಂಡಿನಲ್ಲಿ
ಇಪ್ಪತ್ತೆರಡು ವರ್ಷ ಟ್ಯೂಬಾ ಊದಿ ನಿವೃತ್ತ,
ಉದ್ಯಮಬಾಗಿನ ಫೌಂಡ್ರಿ ಹಿಂದಿನ ಖೋಲಿಯಲ್ಲಿ ವಾಸ.
ಸೆಲ್ಲೋ ಅವನಜ್ಜನದು. ಬೆನ್ನಿಗೊಂದು ಬಿರುಕು,
ಬಿರುಕಿಗೆ ಬಡಿಗ ಹಚ್ಚಿದ ಸರೇಸು.
ಹಾಳೆ ತಿರುವಿ ಅಂದ, "ಅಕ್ಕಾರ, ಇದರಾಗ ಹೀರೋ ಯಾರ?"
"ಯಾರೂ ಇಲ್ಲ."
"ಮತ್ತ ಎಲ್ಲಿ ಜೋರ ಮಾಡೂಣು?"

ಅದೇ ಕಷ್ಟ.
ಮೊದಲ ವಾರ ಸುಮ್ಮಸುಮ್ಮನೆ ಅತ್ತೆವು.
ರೂಢಿ. ಬೆರಳು ತಾನಾಗಿ ನಡುಗಿ ಕಂಬನಿ ಹುಡುಕುತ್ತದೆ.
ಹಾಳೆಯ ಅಂಚಿಗೆ ಮಾಸ್ತರು ಬರೆದಿದ್ದರು,
'ನಡುಗಿಸಬೇಡಿ. ಸುಮ್ಮನೆ ಹೇಳಿ.'
ಅವನು ಕೆಳತಂತಿಯಲ್ಲಿ ಒಂದು ಮಾತು ಇಡುವನು,
ನಾನದಕ್ಕೆ ಒಪ್ಪದೆ ಅರ್ಧ ಸ್ವರ ಸರಿದು ಕೂಡುವೆನು,
ಒಂದೇ ಸೈಕಲ್ಲಿನ ಮೇಲೆ ಸಂತೆಗೆ ಹೊರಟ ಇಬ್ಬರು
ಯಾರು ತುಳಿಯುವುದೆಂದು ದಾರಿಯುದ್ದ ವಾದಿಸಿದ ಹಾಗೆ.

ಅರವತ್ತೊಂದನೇ ಬಾರಿನಲ್ಲಿ ಇಬ್ಬರಿಗೂ ಮೌನ.
'ಹನ್ನೊಂದು ಸೆಕೆಂಡು. ಎಣಿಸಬೇಡಿ, ಕೇಳಿ.'
ಹನ್ನೊಂದು ಸೆಕೆಂಡು ಖಾಲಿ ಅವರಿಗೆ ಯಾರು ಬಿಟ್ಟಾರು?
ಖಾಲಿ ಕಂಡಲ್ಲಿ ಕೊಳಲು ತುಂಬುತ್ತಿದ್ದರು,
ಕೊಳಲು ಸಾಲದಿದ್ದರೆ ಗುಡುಗು.

ತಾಲೀಮು ಟಿಳಕವಾಡಿಯ ನನ್ನ ಮನೆಯಲ್ಲಿ,
ಮೂರನೇ ಗೇಟಿಗೆ ಕೂಗಳತೆ.
ಮಾಸ್ತರು ಹುಡುಗನಾಗಿದ್ದಾಗ ಇದೇ ಓಣಿ,
ಗೇಟು ಬಿದ್ದರೆ ಸೈಕಲ್ ಹಿಡಿದು ನಿಂತು
ಗಂಟೆಗೆ ಕಿವಿಗೊಡುತ್ತಿದ್ದರಂತೆ.
"ಹನ್ನೊಂದ ಸೆಕೆಂಡ ಅಂದ್ರ ಗೇಟ ಬೀಳೂ ಟೈಮು!" ಅಂದ ಲೋಬೊ.
ಇರಬಹುದು. ಅಳೆದು ನೋಡಲು ಗೇಟಿಲ್ಲ,
ಸೇತುವೆ ಬಂದಿದೆ, ಈಗ ಯಾರೂ ನಿಲ್ಲುವುದಿಲ್ಲ.
ಆ ಮೌನದಲ್ಲಿ ನಮಗೆ ಕೇಳಿಸಿದ್ದು
ಎದುರುಮನೆಯ ಕುಕ್ಕರು,
ಯಾರೋ ಮರಾಠಿಯಲ್ಲಿ ಹಾಲಿನವನನ್ನು ಬೈದದ್ದು,
ಒಮ್ಮೆ, ಲೋಬೊನ ಮೊಣಕಾಲು ಚಟಕ್ಕೆಂದದ್ದು.

ನುಡಿಸಿದ್ದು ಕ್ಯಾಂಪಿನ ಶಾಲೆಯೊಂದರ ಹಾಲಿನಲ್ಲಿ, ನವೆಂಬರಿನ ಚಳಿ,
ಹದಿಮೂರು ಜನ, ಅದರಲ್ಲಿ ಇಬ್ಬರು ಕುರ್ಚಿ ಬಾಡಿಗೆಯವರು.
ಮೌನ ಬಂತು. ಐದನೇ ಸೆಕೆಂಡಿಗೆ
ಮುಗಿಯಿತೆಂದು ಒಬ್ಬ ಮುದುಕಿ ಚಪ್ಪಾಳೆಗೆ ಕೈ ಎತ್ತಿ,
ಕೈ ಕೈಗೆ ತಾಗುವ ಮೊದಲೇ ಅನುಮಾನಿಸಿ
ಹಾಗೇ ಹಿಡಿದಳು ಎದೆಯ ಮುಂದೆ,
ಯಾರೋ ನೂಲು ಸುತ್ತಿಕೊಳ್ಳಲೆಂದು ಒಡ್ಡಿದ ಹಾಗೆ.
ಉಳಿದ ಆರು ಸೆಕೆಂಡು ನಾನು ಆ ಕೈಗಳನ್ನೇ ನೋಡಿದೆ.
ಮಾಸ್ತರೇ, ನಿಮ್ಮ ಪರದೆಗೆ ಅಂಥದ್ದೊಂದು ಬಂದಿರಲಿಲ್ಲ.

ಆಮೇಲೆ ಕುರ್ಚಿ ಮಡಚುತ್ತ ಹುಡುಗ ಕೇಳಿದ,
"ಯಾವ ಪಿಕ್ಚರಿಂದ್ರಿ ಇದು?"
"ಇನ್ನೂ ರಿಲೀಸ್ ಆಗಿಲ್ಲೋ," ಅಂದ ಲೋಬೊ.

ಆಟೋದಲ್ಲಿ ಸೆಲ್ಲೋಗೆ ಸೀಟು, ನನಗೆ ಉಳಿದ ಮೂಲೆ,
ಲೋಬೊ ಡ್ರೈವರನ ಪಕ್ಕ, ಅರ್ಧ ಹೊರಗೆ.
ತೊಡೆಯ ಮೇಲೆ ಕಾಲು ಕಿಲೋ ಕುಂದಾ.
ಸೇತುವೆ ಏರುವಾಗ ತಿರುಗಿ ಅಂದ,
"ನಾಲ್ವತ್ತನೇ ಬಾರಿನಾಗ ನೀವು ಅತ್ರಿ ನೋಡ್ರಿ."
"ಸ್ವಲ್ಪ," ಅಂದೆ.
ಕೆಳಗೆ ರೈಲು ಹೋಯಿತು, ನಮ್ಮನ್ನು ನಿಲ್ಲಿಸದೆ.