ಕುಡುಗೋಲು

ಜೋಗಿಮಟ್ಟಿಯ ತೆಂಕಣ ಮಗ್ಗುಲಿಗೆ ಬೆಂಕಿ ಬಿದ್ದ ರಾತ್ರಿ
ಗುಡ್ಡದ ಗಾಳಿಫ್ಯಾನುಗಳ ರೆಕ್ಕೆ ಕೆಂಪಗೆ ತಿರುಗುತ್ತಿತ್ತು.
ವಾಚರ್ ಕೆಲಸದವನು ನಾನು; ಕೈಯಲ್ಲಿ ಹಸಿ ತಂಗಟೆ ಸೊಪ್ಪು,
ಕುತ್ತಿಗೆಗೆ ಒದ್ದೆ ಟವೆಲ್ಲು.
ಬಡಿದಷ್ಟೂ ಬಾದೆಹುಲ್ಲು ಚಟಚಟ ನಗುತ್ತಿತ್ತು.

ಗೊಲ್ಲರಹಟ್ಟಿಯಿಂದ ಏಳು ಜನ ಬಂದರು, ಕರೆಯದೆ.
ಅವರಲ್ಲಿ ಕ್ಯಾತಪ್ಪನೂ ಇದ್ದ.
ಮೂರು ವರ್ಷದಿಂದ ನಮ್ಮಿಬ್ಬರಿಗೂ ಮಾತಿಲ್ಲ:
ನನ್ನ ಕುಡುಗೋಲು ಕದ್ದನೆಂದು
ಟೀ ಅಂಗಡಿ ಮುಂದೆ, ಅವನ ಸೊಸೆಯ ಎದುರಿಗೇ, ಕೂಗಿದ್ದೆ.
ರಾತ್ರಿಯಿಡೀ ಪಕ್ಕದಲ್ಲೇ ಬಡಿದ. ಕೆಮ್ಮಿದ.
ನೀರಿನ ಕ್ಯಾನು ನನ್ನತ್ತ ಕಾಲಲ್ಲಿ ತಳ್ಳಿದ.

ಬೆಳಗ್ಗೆ ಗುಡ್ಡ ಬೋಳುತಲೆ.
ಮುಚ್ಚಿದ್ದೆಲ್ಲ ಕಾಣುತ್ತದೆ ಈಗ:
ಉಡದ ಬಿಲ, ಆಮೆಚಿಪ್ಪು,
ಸುಟ್ಟ ಸೀತಾಫಲದಡಿ ಗೌಜಲಕ್ಕಿಯ ಮೊಟ್ಟೆ, ಒಡೆಯದೆ ಬೆಂದದ್ದು,
ಯಾರದೋ ಪ್ಲಾಸ್ಟಿಕ್ ಚಪ್ಪಲಿ ಕರಗಿ ಕಲ್ಲಿಗಂಟಿದ್ದು,
ಮತ್ತೆ, ಕಮರದ ಬುಡದಲ್ಲಿ,
ನನ್ನ ಕುಡುಗೋಲು.
ಹಿಡಿಯೆಲ್ಲ ಬೂದಿ. ಕಬ್ಬಿಣ ನೀಲಿಯಾಗಿದೆ.
ಅಲಗಿನ ಮೇಲೆ ಅಪ್ಪ ಕೊರೆದ ಗೀಟು ಹಾಗೇ ಇದೆ.

ಇನ್ನೂ ಬಿಸಿ.
ಟವೆಲ್ಲಲ್ಲಿ ಸುತ್ತಿ ಹಟ್ಟಿಯ ದಾರಿ ಹಿಡಿದೆ,
ಅರ್ಧಕ್ಕೇ ಕೂತೆ.
ಹೊಗೆ ಕುಡಿದ ಗಂಟಲು, ಪಿಸುಮಾತಿಗಾದರೆ ಸಾಕು.
ಆದರೆ ಅಂಗಡಿ ಮುಂದೆ ಕೂಗಿದ್ದನ್ನು
ಅಂಗಡಿ ಮುಂದೆಯೇ ಕೂಗಿ ತೀರಿಸಬೇಕಲ್ಲ.