ತೂಕದವನ ಮಗಳು

ಕಂಪನಿಗೆ ಐವತ್ತು ತುಂಬಿತೆಂದು
ನೆನಪಿನ ಸಂಚಿಕೆಗೆ ನಾಲ್ಕು ಪುಟ ಬರೆಯಲು ಹೋದೆ.
ಧಣಿಯ ತಾಯಿ ಚಿಕ್ಕತಾಯಮ್ಮ
ಅವರೆಕಾಯಿ ಸುಲಿಯುತ್ತಿದ್ದರು, ತಲೆಯೆತ್ತಲಿಲ್ಲ.

"ತವರು?" ಎಂದೆ.
"ಮಂಡ್ಯ. ಬೆಲ್ಲದ ಮಂಡಿ ಹಿಂದ್ಲ ಬೀದಿ.
ನಮ್ಮಪ್ಪ ಹೊಂಬಾಳಯ್ಯ, ತೂಕ ಹಾಕೋನು.
ಬರ್ಕೊ ಮಗಾ, ಅವನ ಹೆಬ್ಬೆಟ್ಟು ಕಾಲು ಸೇರು ತೂಗ್ತಿತ್ತು."

ಪೆನ್ನು ನಿಂತಿತು.

"ಕಲ್ಲಿನ ತಟ್ಟೆ ಅಂಚಿಗೆ, ಹಿಂಗೆ,
ಮುಟ್ಟಿದಂಗೂ ಇಲ್ಲ, ಬಿಟ್ಟಂಗೂ ಇಲ್ಲ.
ಗಾಡಿಗೊಂದು ಅಚ್ಚು ಮಿಗೋದು.
ಸಂಜೆ ಅದೇ ಹೆಬ್ಬೆಟ್ಟ ನನ್ನ ಬಾಯಿಗಿಡೋನು,
ಏನು ಸಿಹಿ ಅಂತೀಯ!
ಅವ್ವ ಆ ಬೆಲ್ಲವ ದೇವರ ಮುಂದೆ ಇಡ್ತಿರ್ಲಿಲ್ಲ,
ನಮಗೆ ಬಡಿಸೋಳು.
ನನ್ನ ಕೊರಳ ಅಡ್ಡಿಕೆ ಅದರದೇ.
ಅದ ಅಡವಿಟ್ಟೇ ಇವನು ತಂದಿದ್ದು
ಮೊದಲ್ನೇ ಲೇತು."

ಗೋಡೆಯಲ್ಲಿ ಮಗನ ಪಟ, ಕೊರಳಲ್ಲಿ ಹಾರ.
ಅವರ ತಕ್ಕಡಿಗೆ ಕೂದಲೆಳೆ ಇಟ್ಟರೂ
ಮುಳ್ಳು ಅಲುಗುತ್ತದೆ ಎಂದು ಊರೆಲ್ಲ ಮಾತು.

"ಅವರಿಗೆ ಇದು ಗೊತ್ತೇ?"
"ಗೊತ್ತಿಲ್ದೆ ತಕ್ಕಡಿ ಮಾಡ್ತಾನಾ?"
ಹುಳುಕು ಕಾಳೊಂದನ್ನು ಆಚೆ ಎಸೆದರು.

ನಾನು ಬರೆದದ್ದು:
‘ಮಂಡಿಯಲ್ಲಿ ಹೆಸರಿದ್ದ ಮನೆತನ.’
ಹೆಬ್ಬೆಟ್ಟಿಗೆ ಶಾಯಿ ತಗುಲಿತ್ತು,
ನಲ್ಲಿಯಲ್ಲಿ ಎಷ್ಟೋ ಹೊತ್ತು ತೊಳೆದುಕೊಂಡೆ.